ಡಿಎಫ್‌ಬಿ ಸಾಕಾ, ಇಸಿಡಿಎಲ್ ಬೇಕಾ? ಲೈನ್‌ವಿಡ್ತ್ ನೋಡಿ ಸೆಮಿಕಂಡಕ್ಟರ್ ಲೇಸರ್ ಆರಿಸೋದು

ಲ್ಯಾಬಿಗೆ ಹೊಸ ಲೇಸರ್ ಬೇಕು ಅಂತ ಕೇಳಿದ್ರೆ ಮೂರು ಕೊಟೇಶನ್ ಬರುತ್ತೆ. ಒಂದರಲ್ಲಿ ಲೈನ್‌ವಿಡ್ತ್ (ಲೇಸರ್ ಬೆಳಕಿನ ಫ್ರೀಕ್ವೆನ್ಸಿ ಎಷ್ಟು ಅಗಲಕ್ಕೆ ಹರಡಿದೆ ಅನ್ನೋದು) 1 ಮೆಗಾಹರ್ಟ್ಸ್, ಎರಡನೇದರಲ್ಲಿ 100 ಕಿಲೋಹರ್ಟ್ಸ್, ಮೂರನೇದರಲ್ಲಿ 1 ಕಿಲೋಹರ್ಟ್ಸ್‌ಗಿಂತ ಕಮ್ಮಿ, ರೇಟು ಮಾತ್ರ ಒಂದಕ್ಕಿಂತ ಒಂದು ಮೇಲೆ. ಆಗ ಎಲ್ಲರೂ ಕೇಳೋ ಪ್ರಶ್ನೆ ಒಂದೇ, ಯಾವ್ದು ತಗೊಳ್ಳೋದು. ಕಮ್ಮಿ ಇದ್ದಷ್ಟೂ ಒಳ್ಳೇದು ಅಂತ ಬಜೆಟ್ಟೆಲ್ಲಾ ಲೇಸರ್ ಹೆಡ್‌ಗೇ ಸುರಿದು, ಆಮೇಲೆ ಕರೆಂಟ್ ಡ್ರೈವರ್‌ಗೆ ದುಡ್ಡಿಲ್ಲ ಅಂತ ಮೂಲೇಲಿ ಬಿದ್ದಿದ್ದ ಬೆಂಚ್ ಸಪ್ಲೈ ಹಾಕಿ ಓಡಿಸೋರನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಇನ್ನು ಕೆಲವರು ಇದರ ಉಲ್ಟಾ, ಟೆಲಿಕಾಂ ಡಿಎಫ್‌ಬಿ (ಬಣ್ಣ ಆರಿಸೋ ಗ್ರೇಟಿಂಗ್, ಅಂದ್ರೆ ಗೆರೆಗಳ ಸಾಲು, ಚಿಪ್ಪಿನೊಳಗೇ ಇರೋ ಡಯೋಡ್ ಲೇಸರ್; ಅದನ್ನ ಚಿಪ್ಪಿನ ಹೊರಗೆ ಇಟ್ರೆ ಇಸಿಡಿಎಲ್, ಎಕ್ಸ್‌ಟರ್ನಲ್ ಕ್ಯಾವಿಟಿ ಡಯೋಡ್ ಲೇಸರ್) ಚೀಪಾಗಿ ಸಿಕ್ತು ಅಂತ ತಂದು ಅದನ್ನ ಹೈ ಫಿನೆಸ್ ಕ್ಯಾವಿಟಿಗೆ (ಬೆಳಕು ತುಂಬಾ ಹೊತ್ತು ಓಡಾಡೋ ಕನ್ನಡಿ ಜೋಡಿಗೆ) ಲಾಕ್ ಮಾಡೋಕೆ, ಅಂದ್ರೆ ಲೇಸರ್ ಫ್ರೀಕ್ವೆನ್ಸಿಯನ್ನ ಅದಕ್ಕೆ ಕಟ್ಟಿಹಾಕೋಕೆ, ತಿಂಗಳುಗಟ್ಟಲೆ ಗುದ್ದಾಡ್ತಾರೆ.

ಇಲ್ಲಿ ನಾನು ಹೇಳೋದು ಒಂದೇ ವಿಷಯ: ಆ ಒಂಟಿ ನಂಬರ್ ನೋಡಿ ಲೇಸರ್ ಆರಿಸ್ಬೇಡಿ. ನಿಮ್ಮ ಕೆಲಸಕ್ಕೆ ಯಾವ ವೇಗದ ನಾಯ್ಸ್ ತೊಂದರೆ ಕೊಡುತ್ತೆ ಅನ್ನೋದನ್ನ ಮೊದಲು ತಿಳ್ಕೊಳ್ಳಿ, ಆಮೇಲೆ ಲೇಸರ್ ಯಾವ್ದು ಅನ್ನೋದು ತಾನಾಗೇ ಅರ್ಧ ಇತ್ಯರ್ಥ ಆಗಿರುತ್ತೆ.

ಮೊದಲು ಈ ಲೇಸರ್‌ಗಳು ಯಾಕಿಷ್ಟು ಗಲಾಟೆ ಮಾಡ್ತವೆ

1958ರಲ್ಲಿ ಭೌತಶಾಸ್ತ್ರಜ್ಞರಾದ ಶಾಲೋ, ಟೌನ್ಸ್ ಇಬ್ಬರೂ ಲೇಸರ್‌ನ ಲೈನ್‌ವಿಡ್ತ್‌ಗೆ ಒಂದು ಮೂಲಭೂತ ಮಿತಿ ಇದೆ ಅಂತ ತೋರಿಸಿದ್ರು. ಕ್ಯಾವಿಟಿ (ಕನ್ನಡಿಗಳ ಮಧ್ಯೆ ಬೆಳಕು ಓಡಾಡೋ ಜಾಗ) ಎಷ್ಟು ಸೋರುತ್ತೋ ಅದರ ವರ್ಗಕ್ಕೆ ತಕ್ಕಂತೆ ಅಗಲ ಜಾಸ್ತಿ ಆಗುತ್ತೆ, ಪವರ್ ಜಾಸ್ತಿ ಮಾಡಿದಷ್ಟೂ ಕಮ್ಮಿ ಆಗುತ್ತೆ. ಸಾಮಾನ್ಯ ಡಯೋಡ್ ಲೇಸರ್‌ನಲ್ಲಿ ಕ್ಯಾವಿಟಿ ಅಂದ್ರೆ ಕೆಲವು ನೂರು ಮೈಕ್ರಾನ್ ಉದ್ದದ ಒಂದು ಚಿಪ್, ಎರಡು ತುದಿಗೆ ಸುಮಾರು 30 ಪರ್ಸೆಂಟ್ ಪ್ರತಿಫಲನದ ಕತ್ತರಿಸಿದ ಮುಖ, ಬೆಳಕು ಒಳಗೆ ನಿಲ್ಲೋದೇ ಇಲ್ಲ. ಹಾಗಾಗಿ ಶುರುವಿನಿಂದಲೇ ಇದು ಹಿಂದೆ. ಅದೂ ಸಾಲದು ಅಂತ 1981ರಲ್ಲಿ ಫ್ಲೆಮಿಂಗ್, ಮೂರಾಡಿಯನ್ ಅಲ್ಯುಮಿನಿಯಂ ಗ್ಯಾಲಿಯಂ ಆರ್ಸೆನೈಡ್ ಲೇಸರ್‌ನ ಅಗಲ ಅಳೆದಾಗ 1 ಮಿಲಿವಾಟ್‌ಗೆ 114 ಮೆಗಾಹರ್ಟ್ಸ್ ಬಂತು, ಲೆಕ್ಕಕ್ಕಿಂತ ಸುಮಾರು 30 ಪಟ್ಟು ಜಾಸ್ತಿ. ಮರುವರ್ಷ ಬೆಲ್ ಲ್ಯಾಬ್ಸ್‌ನ ಚಾರ್ಲ್ಸ್ ಹೆನ್ರಿ ಕಾರಣ ಹೇಳಿದ್ರು. ಯಾವ್ದೋ ಒಂದು ಫೋಟಾನ್ ತನ್ನಷ್ಟಕ್ಕೆ ಹುಟ್ಟಿ ತೀವ್ರತೆ ಸ್ವಲ್ಪ ಅಲುಗಾಡಿದ್ರೆ, ಅದನ್ನ ಸರಿದೂಗಿಸೋಕೆ ಒಳಗಿನ ಎಲೆಕ್ಟ್ರಾನ್ ಸಂಖ್ಯೆ ಏರಿಳಿಯುತ್ತೆ, ಆ ಏರಿಳಿತದಲ್ಲಿ ವಸ್ತುವಿನ ವಕ್ರೀಭವನ ಸೂಚ್ಯಂಕವೂ ಬದಲಾಗುತ್ತೆ, ಅದು ನೇರ ಫೇಸ್ (ಬೆಳಕಿನ ಅಲೆಯ ಲಯ) ಮೇಲೆ ಹೊಡೆಯುತ್ತೆ. ಅಗಲ ಹೆಚ್ಚೋದು 1+α² ಪಟ್ಟು (ಆ ಸೂಚ್ಯಂಕದ ಬದಲಾವಣೆ ಎಷ್ಟು ಜೋರು ಅನ್ನೋ ಅಳತೆ α), ಆ ಲೇಸರ್‌ಗೆ α ಸುಮಾರು 5.4 ಅಂತ ಇಟ್ರೆ 30 ಸರಿಯಾಗಿ ಕೂರುತ್ತೆ. ಇವತ್ತಿಗೂ ಡೇಟಾಶೀಟ್‌ನಲ್ಲಿ ಆಲ್ಫಾ ಫ್ಯಾಕ್ಟರ್ ಅಂತ ಕಾಣೋದು ಇದೇ.

ಇದು ವೈಟ್ ನಾಯ್ಸ್ ಭಾಗ, ಅಂದ್ರೆ ಎಲ್ಲಾ ವೇಗದಲ್ಲೂ ಒಂದೇ ಸಮ ಇರೋ ನಾಯ್ಸ್. ಇದರ ಜೊತೆಗೆ ನಿಧಾನದ ನಾಯ್ಸ್ ಬೇರೆ ಇದೆ: ಡ್ರೈವರ್‌ನ ಕರೆಂಟ್ ಅಲುಗಾಟ, ತಾಪಮಾನ, ಟೇಬಲ್ ಕಂಪನ, ಚಿಪ್ಪಿನದೇ ಫ್ಲಿಕರ್ (ನಿಧಾನ ಆದಷ್ಟೂ ಜಾಸ್ತಿ ಆಗೋ ನಾಯ್ಸ್). ಕಛೇರಿ ಮಧ್ಯೆ ತಂಬೂರಿ ತಂತಿ ನಿಧಾನಕ್ಕೆ ಶ್ರುತಿ ಇಳಿಯೋದು ಬೇರೆ, ಜೀವಾಳ ಸರಿಯಾಗಿ ಕೂರದೆ ಪ್ರತಿ ಮೀಟಿಗೂ ಕರಕರ ಅನ್ನೋದು ಬೇರೆ, ಎರಡಕ್ಕೂ ರಿಪೇರಿ ಬೇರೆ ಬೇರೆ. ಲೇಸರ್‌ನಲ್ಲೂ ಹಾಗೇ, ನಿಧಾನದ್ದನ್ನ ಲಾಕ್ ಹಾಕಿ ಹಿಡೀಬಹುದು, ವೇಗದ್ದನ್ನ ಹಿಡಿಯೋದು ಕಷ್ಟ, ಅದು ಲೇಸರ್‌ನ ಹುಟ್ಟುಗುಣ.

ಈಗ ಡೇಟಾಶೀಟ್‌ನ ಚಾಲಾಕಿತನ ನೋಡಿ. ಕೆಲವರು ಬರೀ ವೈಟ್ ನಾಯ್ಸ್‌ನಿಂದ ಬರೋ ಅಗಲ ಕೊಡ್ತಾರೆ, ಅದಕ್ಕೆ ಇಂಟ್ರಿನ್ಸಿಕ್, ಇನ್‌ಸ್ಟಂಟೇನಿಯಸ್, ಲೊರೆಂಟ್ಜಿಯನ್ ಅಂತ ನಾನಾ ಹೆಸರು. ಇನ್ನು ಕೆಲವರು ಇಷ್ಟು ಮಿಲಿಸೆಕೆಂಡ್ ಅಳೆದಾಗ ಇಷ್ಟು ಅಂತ ಕೊಡ್ತಾರೆ. ಒಂದೇ ಲೇಸರ್‌ಗೆ ಮೊದಲನೇದು 5 ಕಿಲೋಹರ್ಟ್ಸ್ ಇದ್ದು ಎರಡನೇದು 200 ಕಿಲೋಹರ್ಟ್ಸ್ ಇರಬಹುದು, ಯಾರೂ ಸುಳ್ಳು ಹೇಳ್ತಿಲ್ಲ. ಅಳತೆ ಸಮಯ ಬರೆಯದೆ ಲೈನ್‌ವಿಡ್ತ್ ಅಂತ ಒಂದೇ ನಂಬರ್ ಕೊಟ್ಟಿದ್ರೆ ಅದನ್ನ ನಾನು ಜಾಹೀರಾತು ಅಂತಲೇ ಓದೋದು. ಕೇಳಬೇಕಾದ್ದು ಫ್ರೀಕ್ವೆನ್ಸಿ ನಾಯ್ಸ್ ಪ್ಲಾಟ್, ಅಂದ್ರೆ 10 ಹರ್ಟ್ಸ್‌ನಿಂದ 10 ಮೆಗಾಹರ್ಟ್ಸ್ ತನಕ ಯಾವ ಆಫ್‌ಸೆಟ್‌ನಲ್ಲಿ (ಅಲುಗಾಟದ ವೇಗದಲ್ಲಿ) ಎಷ್ಟು ನಾಯ್ಸ್ ಅನ್ನೋ ಗ್ರಾಫ್. ಅದು ಕೈಲಿದ್ರೆ ಬಲಗಡೆ ಚಪ್ಪಟೆ ಆಗೋ ಭಾಗವನ್ನ π ಇಂದ ಗುಣಿಸಿದ್ರೆ ಇಂಟ್ರಿನ್ಸಿಕ್ ಅಗಲ ಸಿಗುತ್ತೆ. ಪೂರ್ತಿ ಅಗಲ ಬೇಕಾದ್ರೆ 2010ರಲ್ಲಿ ಡಿ ಡೊಮೆನಿಕೊ ಮತ್ತು ಜೊತೆಗಾರರು ಕೊಟ್ಟ ಬೀಟಾ ಗೆರೆ ಎಳೀರಿ: ಆಫ್‌ಸೆಟ್ ಫ್ರೀಕ್ವೆನ್ಸಿಯನ್ನ 0.56 ಇಂದ ಗುಣಿಸಿದ್ರೆ ಆ ಗೆರೆ, ಅದಕ್ಕಿಂತ ಮೇಲಿರೋ ನಾಯ್ಸ್ ಮಾತ್ರ ಅಗಲಕ್ಕೆ ಸೇರುತ್ತೆ, ಕೆಳಗಿರೋದು ಬರೀ ರೆಕ್ಕೆಗಳಿಗೆ (ರೇಖೆಯ ಅಕ್ಕಪಕ್ಕದ ಮಸುಕು ಭಾಗಕ್ಕೆ) ಹೋಗುತ್ತೆ. ನಾಯ್ಸ್ ಗೆರೆಗಿಂತ ಮೇಲಿರೋ ಕಡೆ ಗ್ರಾಫ್‌ನ ಕೆಳಗಿನ ಪೂರ್ತಿ ವಿಸ್ತೀರ್ಣವನ್ನ 8 ಲಾಗ್ 2 ಇಂದ (ನ್ಯಾಚುರಲ್ ಲಾಗ್) ಗುಣಿಸಿ ವರ್ಗಮೂಲ ತಗೊಂಡ್ರೆ ಮುಗೀತು.

ಯಾವ ಮಾನದಂಡದಲ್ಲಿ ತೂಗೋದು

ಒಂದು, ನಿಮ್ಮ ಅಳತೆಗೋಲು ಯಾವ್ದು. ಪರಮಾಣು ಕೆಲಸ ಆದ್ರೆ ಪರಮಾಣುವಿನ ರೇಖೆಯ ಅಗಲ, ಕಮ್ಯುನಿಕೇಶನ್ ಆದ್ರೆ ಸಿಂಬಲ್ ರೇಟ್ (ಸೆಕೆಂಡಿಗೆ ಎಷ್ಟು ಸಂಕೇತ ಕಳಿಸ್ತೀರಿ ಅನ್ನೋದು), ಲೈಡಾರ್ (ಲೇಸರ್‌ನಿಂದ ದೂರ ಅಳೆಯೋದು) ಅಥವಾ ಇಂಟರ್‌ಫೆರೋಮೀಟರ್ ಆದ್ರೆ ಬೆಳಕು ಹೋಗಿ ಬರೋ ದೂರ. ಲೇಸರ್ ಇದಕ್ಕಿಂತ ಸಾಕಷ್ಟು ಕಿರಿದಾಗಿದ್ರೆ ಸಾಕು, ಇನ್ನೂ ಕಿರಿದಾಗಿದ್ರೆ ಲಾಭ ಇಲ್ಲ.

ಎರಡು, ನಾಯ್ಸ್ ಯಾವ ಆಫ್‌ಸೆಟ್‌ನಲ್ಲಿ ಕಾಡುತ್ತೆ. ಮೂರು, ಫ್ರೀಕ್ವೆನ್ಸಿಯನ್ನ ಎಷ್ಟು ಸ್ಕ್ಯಾನ್ ಮಾಡಬೇಕು, ಮಧ್ಯೆ ಮೋಡ್ ಹಾಪ್ (ಫ್ರೀಕ್ವೆನ್ಸಿ ದಿಢೀರ್ ಅಂತ ಇನ್ನೊಂದಕ್ಕೆ ಜಿಗಿಯೋದು) ಆದ್ರೆ ನಡೆಯುತ್ತಾ. ನಾಲ್ಕು, ನಿಮ್ಮ ತರಂಗಾಂತರಕ್ಕೆ ಆ ಥರದ ಲೇಸರ್ ಸಿಗುತ್ತಾ. ಇದನ್ನ ಜನ ಕೊನೆಗೆ ನೋಡ್ತಾರೆ, ಮೊದಲು ನೋಡಬೇಕು, ಅರ್ಧ ಸಲ ಇದೊಂದೇ ನಿರ್ಧಾರ ಮಾಡಿಬಿಡುತ್ತೆ. 1550 ನ್ಯಾನೋಮೀಟರ್‌ಗೆ ಎಲ್ಲ ಥರದ್ದೂ ಸಿಗುತ್ತೆ, 780, 852ಕ್ಕೂ (ರುಬಿಡಿಯಂ, ಸೀಸಿಯಂ) ಪರವಾಗಿಲ್ಲ, 461ಕ್ಕೋ 689ಕ್ಕೋ (ಸ್ಟ್ರಾನ್ಷಿಯಂ) ಬಂದ್ರೆ ಆಯ್ಕೆ ಕಿರಿದಾಗುತ್ತೆ. ಐದು, ಸುತ್ತಮುತ್ತ ಏನಿದೆ, ಅದೇ ಟೇಬಲ್ ಮೇಲೆ ಟರ್ಬೋ ಪಂಪ್ ಇದೆಯಾ, ಏಸಿ ಆನ್ ಆಫ್ ಆಗ್ತಾ ಇರುತ್ತಾ. ಆರನೇದು ಒಟ್ಟು ಖರ್ಚು, ಅಂದ್ರೆ ಡ್ರೈವರ್, ಟೆಂಪರೇಚರ್ ಕಂಟ್ರೋಲರ್, ಐಸೊಲೇಟರ್ (ಬೆಳಕು ವಾಪಸ್ ಬರದ ಹಾಗೆ ತಡೆಯೋದು) ಎಲ್ಲಾ ಸೇರಿ.

ವಿಕ್ಸೆಲ್: ಕೀಳಾಗಿ ನೋಡಬೇಡಿ

ವಿಸಿಎಸ್‌ಇಎಲ್ (ಚಿಪ್ಪಿನ ಮೇಲ್ಮೈಯಿಂದ ನೇರ ಮೇಲಕ್ಕೆ ಬೆಳಕು ಬಿಡೋ ಡಯೋಡ್ ಲೇಸರ್) ಅನ್ನೋದನ್ನ ಎಲ್ಲರೂ ವಿಕ್ಸೆಲ್ ಅಂತಾರೆ. ಕ್ಯಾವಿಟಿ ಮೈಕ್ರಾನ್‌ಗಳಲ್ಲಿ, ಲೈನ್‌ವಿಡ್ತ್ ಹತ್ತಾರು ಮೆಗಾಹರ್ಟ್ಸ್, ಸಿಂಗಲ್ ಮೋಡ್‌ನಲ್ಲಿ ಪವರ್ ಮಿಲಿವಾಟ್ ಆಸುಪಾಸು. ಕಾಗದದ ಮೇಲೆ ಇದಕ್ಕಿಂತ ಕಳಪೆ ಇಲ್ಲ. ಆದ್ರೆ ಒಂದು ಮಿಲಿಆಂಪ್ ಕರೆಂಟ್‌ಗೆ ನೂರು ಗಿಗಾಹರ್ಟ್ಸ್ ಮೇಲ್ಪಟ್ಟು ಸರಿಯುತ್ತೆ, ವಿದ್ಯುತ್ ತುಂಬಾ ಕಮ್ಮಿ ತಿನ್ನುತ್ತೆ. ಗಾಳಿಯ ಒತ್ತಡದಲ್ಲಿ 760 ನ್ಯಾನೋಮೀಟರ್‌ನ ಆಮ್ಲಜನಕ ರೇಖೆಗಳು ಕೆಲವು ಗಿಗಾಹರ್ಟ್ಸ್ ಅಗಲ ಇರ್ತವೆ, ಅಲ್ಲಿ ಲೇಸರ್ 50 ಮೆಗಾಹರ್ಟ್ಸ್ ಇದ್ರೂ ಯಾರಿಗೂ ಗೊತ್ತಾಗಲ್ಲ. 2011ರಲ್ಲಿ ಮಾರುಕಟ್ಟೆಗೆ ಬಂದ ಚಿಪ್ ಗಾತ್ರದ ಸೀಸಿಯಂ ಗಡಿಯಾರದೊಳಗೆ ಇರೋದೂ 894 ನ್ಯಾನೋಮೀಟರ್‌ನ ವಿಕ್ಸೆಲ್ಲೇ, ಅದನ್ನ 4.6 ಗಿಗಾಹರ್ಟ್ಸ್‌ನಲ್ಲಿ ಮಾಡ್ಯುಲೇಟ್ ಮಾಡಿ ಕೆಲಸ ತಗೋತಾರೆ. ಗ್ಯಾಸ್ ಸೆನ್ಸರ್ ಮಾಡೋರು ಇಲ್ಲೇ ನಿಲ್ಲಬಹುದು, ಮುಂದಿನದಕ್ಕೆ ದುಡ್ಡು ಹಾಕೋ ಅಗತ್ಯ ಇಲ್ಲ.

ಡಿಎಫ್‌ಬಿ, ಡಿಬಿಆರ್: ದಿನಗೂಲಿ ಎತ್ತುಗಳು

ಚಿಪ್ಪಿನ ಒಳಗೇ ಗ್ರೇಟಿಂಗ್ ಕೊರೆದಿರ್ತಾರೆ, ಆದ್ದರಿಂದ ಒಂದೇ ಮೋಡ್ (ಒಂದೇ ಫ್ರೀಕ್ವೆನ್ಸಿ). ಡಿಎಫ್‌ಬಿನಲ್ಲಿ ಗ್ರೇಟಿಂಗ್ ಗೇನ್ ಇರೋ (ಬೆಳಕು ಬಲಗೊಳ್ಳೋ) ಭಾಗದುದ್ದಕ್ಕೂ, ಡಿಬಿಆರ್‌ನಲ್ಲಿ ಅದು ಪಕ್ಕಕ್ಕೆ ಕನ್ನಡಿ ಥರ. ಲೈನ್‌ವಿಡ್ತ್ ಸಾಮಾನ್ಯವಾಗಿ ಅರ್ಧ ಮೆಗಾಹರ್ಟ್ಸ್‌ನಿಂದ ಕೆಲವು ಮೆಗಾಹರ್ಟ್ಸ್. ಅಲುಗಾಡೋ ಭಾಗ ಯಾವ್ದೂ ಇಲ್ಲ, ಬಾಗಿಲು ಧಡ್ ಅಂತ ಹಾಕಿದ್ರೂ ಜಗ್ಗಲ್ಲ, ವರ್ಷಗಟ್ಟಲೆ ಅಲೈನ್‌ಮೆಂಟ್ ಮುಟ್ಟೋ ಹಾಗಿಲ್ಲ. ಇದರ ನಿಜವಾದ ಗುಣ ಅಂದ್ರೆ ಮೋಡ್ ಹಾಪ್ ಇಲ್ಲದೆ ಬರೀ ಕರೆಂಟ್‌ನಲ್ಲೇ ಹತ್ತಾರು ಗಿಗಾಹರ್ಟ್ಸ್ ಸ್ಕ್ಯಾನ್ ಆಗೋದು. ಡಿಬಿಆರ್‌ನಲ್ಲಿ ಮಾತ್ರ ಕರೆಂಟ್, ತಾಪಮಾನ ಬದಲಿಸುವಾಗ ಅಲ್ಲಲ್ಲಿ ಮೋಡ್ ಹಾಪ್ ಇರುತ್ತೆ, ಅದು ಎಲ್ಲೆಲ್ಲಿ ಅಂತ ಮೊದಲೇ ಗುರುತು ಹಾಕಿಟ್ಕೋಬೇಕು.

ಗೋಳು ಇರೋದು ಇದರ ಸೂಕ್ಷ್ಮತೆಯಲ್ಲಿ. ಡಿಎಫ್‌ಬಿ ಒಂದು ಮಿಲಿಆಂಪ್‌ಗೆ ಸುಮಾರು 1 ಗಿಗಾಹರ್ಟ್ಸ್ ಸರಿಯುತ್ತೆ ಅಂತ ಇಟ್ಕೊಳ್ಳಿ. ಹಾಗಾದ್ರೆ 1 ಮೈಕ್ರೋಆಂಪ್ ನಾಯ್ಸ್ ಅಂದ್ರೆ 1 ಮೆಗಾಹರ್ಟ್ಸ್. ಅಂದ್ರೆ ನೀವು ದುಡ್ಡು ಕೊಟ್ಟು ತಂದ 1 ಮೆಗಾಹರ್ಟ್ಸ್ ಲೇಸರ್ ಅನ್ನ ಕಳಪೆ ಡ್ರೈವರ್ ಒಂದೇ ಏಟಿಗೆ ಕೆಲವು ಮೆಗಾಹರ್ಟ್ಸ್ ಲೇಸರ್ ಮಾಡಿಬಿಡುತ್ತೆ, ಗಿಜಿಗುಡೋ ಸ್ವಿಚಿಂಗ್ ಸಪ್ಲೈ ಹಾಕಿದ್ರಂತೂ ಕೇಳೋದೇ ಬೇಡ. ತಾಪಮಾನದ ಕಥೆ ಇದಕ್ಕಿಂತ ಜೋರು: 780ರ ಡಿಎಫ್‌ಬಿ ಒಂದು ಡಿಗ್ರಿಗೆ ಸುಮಾರು 25 ಗಿಗಾಹರ್ಟ್ಸ್ ಓಡುತ್ತೆ, ಡಿಗ್ರಿಯ ಸಾವಿರದ ಒಂದು ಭಾಗ ಅಲುಗಿದ್ರೆ 25 ಮೆಗಾಹರ್ಟ್ಸ್. ಪುಣ್ಯಕ್ಕೆ ಇದು ನಿಧಾನ, ಪರಮಾಣುವಿಗೆ ಲಾಕ್ ಹಾಕಿದ್ರೆ ಸರಿಹೋಗುತ್ತೆ. ಕರೆಂಟ್ ನಾಯ್ಸ್‌ಗೆ ಆ ಪುಣ್ಯ ಇಲ್ಲ. 1993ರಲ್ಲಿ ಲಿಬ್‌ಬ್ರೆಕ್ಟ್ ಮತ್ತು ಹಾಲ್ ಪ್ರಕಟಿಸಿದ ಲೋ ನಾಯ್ಸ್ ಡ್ರೈವರ್ ಸರ್ಕ್ಯೂಟ್ ಅನ್ನ ಇವತ್ತಿಗೂ ಲ್ಯಾಬ್‌ಗಳು ಸ್ವಂತ ಬೋರ್ಡ್ ಮೇಲೆ ಕಟ್ಕೊಳ್ಳೋದು ಇದಕ್ಕೇ, ಕೈಲಿ ಸೋಲ್ಡರಿಂಗ್ ಬರೋ ಒಬ್ಬ ಹುಡುಗ ಇದ್ರೆ ಖರ್ಚಿನಲ್ಲಿ ಇದಕ್ಕಿಂತ ಒಳ್ಳೇ ಉಳಿತಾಯ ಇಲ್ಲ.

ಇನ್ನೊಂದು ಶತ್ರು, ವಾಪಸ್ ಬರೋ ಬೆಳಕು. ಹತ್ತು ಸಾವಿರದಲ್ಲಿ ಒಂದು ಭಾಗ ಹಿಂದಕ್ಕೆ ಬಂದ್ರೂ ಡಿಎಫ್‌ಬಿ ತಲೆ ಕೆಡಿಸ್ಕೊಳ್ಳಬಹುದು, ಜೋರಾಗಿ ಬಂದ್ರೆ ಕೊಹೆರೆನ್ಸ್ ಕೊಲ್ಯಾಪ್ಸ್ ಆಗಿ (ಬೆಳಕಿನ ಲಯವೇ ಕುಸಿದು) ಅಗಲ ಗಿಗಾಹರ್ಟ್ಸ್‌ಗೆ ಹೋಗುತ್ತೆ. 14 ಪಿನ್ ಬಟರ್‌ಫ್ಲೈ ಪ್ಯಾಕೇಜ್‌ನಲ್ಲಿ ಸಾಮಾನ್ಯವಾಗಿ ಐಸೊಲೇಟರ್ ಒಳಗೇ ಇರುತ್ತೆ, ಇದೆಯಾ ಅಂತ ಖಾತ್ರಿ ಮಾಡ್ಕೊಳ್ಳಿ. ಗಾಳಿಯಲ್ಲಿ ಬೆಳಕು ಬಿಡೋ 780ರ ಲೇಸರ್ ಆದ್ರೆ ಐಸೊಲೇಟರ್ ಬೇರೆ ಕೊಳ್ಳಬೇಕು, ಒಂದು ಹಂತದ್ದು 30 ಡಿಬಿ, ಎರಡು ಹಂತದ್ದು 60 ಡಿಬಿ ಆಸುಪಾಸು ಕೊಡುತ್ತೆ, ಬೆಲೆ ನೋಡಿ ಕಣ್ಣು ಅಗಲ ಆಗುತ್ತೆ, ಆದ್ರೂ ಎರಡು ಹಂತದ್ದೇ ತಗೊಳ್ಳಿ. ಫೈಬರ್ ಇದ್ರೆ ಹಸಿರು ಎಪಿಸಿ ಕನೆಕ್ಟರ್, ತುದಿ 8 ಡಿಗ್ರಿ ಓರೆ ಇರೋದು. ಮಧ್ಯೆ ಎಲ್ಲೋ ಒಂದು ನೀಲಿ ಪಿಸಿ ಪ್ಯಾಚ್‌ಕಾರ್ಡ್ ಸೇರಿಕೊಂಡು, ಅದರ ತುದಿ ಗಾಳಿಗೆ ತೆರೆದಿದ್ರೆ 4 ಪರ್ಸೆಂಟ್ ಬೆಳಕು ವಾಪಸ್ ಬರುತ್ತೆ, ಇಡೀ ದಿನ ಲೇಸರ್ ಕೆಟ್ಟಿದೆ ಅಂತ ಬೈಕೊಂಡು ಕೂರ್ತೀರ.

ಖರ್ಚು ಅಂದಾಜು ಹೇಳಬೇಕಂದ್ರೆ ಟೆಲಿಕಾಂ ಡಿಎಫ್‌ಬಿ ಹತ್ತಾರು ಸಾವಿರ ರೂಪಾಯಿ ಮಟ್ಟ, 780ರ ಡಿಎಫ್‌ಬಿ ಲಕ್ಷ ದಾಟುತ್ತೆ.

ಇಸಿಡಿಎಲ್: ಉದ್ದ ಮಾಡಿದಷ್ಟೂ ಶಾಂತ

ಶಾಲೋ–ಟೌನ್ಸ್ ಲೆಕ್ಕದಲ್ಲಿ ಕ್ಯಾವಿಟಿ ಸೋರಿಕೆಯ ವರ್ಗ ಬರುತ್ತೆ ಅಂದೆ ಅಲ್ವಾ, ಕ್ಯಾವಿಟಿ ಉದ್ದ ಆದಷ್ಟೂ ಸೋರೋದು ನಿಧಾನ, ಅದನ್ನೇ ಉಪಯೋಗಿಸಿಕೊಳ್ಳೋದು ಎಕ್ಸ್‌ಟರ್ನಲ್ ಕ್ಯಾವಿಟಿ. ಡಯೋಡ್ ಮುಂದೆ ಕೆಲವು ಸೆಂಟಿಮೀಟರ್ ದೂರದಲ್ಲಿ ಗ್ರೇಟಿಂಗ್ ಇಟ್ಟು ಮೊದಲ ಆರ್ಡರ್ ಬೆಳಕನ್ನ ವಾಪಸ್ ಡಯೋಡ್‌ಗೇ ಕಳಿಸಿದ್ರೆ ಅದು ಲಿಟ್ರೋ ವಿನ್ಯಾಸ, 780ಕ್ಕೆ ಒಂದು ಮಿಲಿಮೀಟರ್‌ಗೆ 1800 ಗೆರೆ ಇರೋ ಗ್ರೇಟಿಂಗ್ ಸಾಮಾನ್ಯ. ಇಂಟ್ರಿನ್ಸಿಕ್ ಅಗಲ ಕಿಲೋಹರ್ಟ್ಸ್‌ಗಳಿಗೆ ಇಳಿಯುತ್ತೆ, ಮಿಲಿಸೆಕೆಂಡ್‌ಗಳಲ್ಲಿ ನೋಡಿದ್ರೆ ನೂರು ಕಿಲೋಹರ್ಟ್ಸ್ ಮೇಲೆ ಕೆಳಗೆ ಇರುತ್ತೆ. ಕರೆಂಟ್‌ಗೆ ಸೂಕ್ಷ್ಮತೆಯೂ ಡಿಎಫ್‌ಬಿಗಿಂತ ಬಹಳ ಕಮ್ಮಿ, ಆದ್ದರಿಂದ ಡ್ರೈವರ್ ಸ್ವಲ್ಪ ಸುಮಾರಾಗಿದ್ರೂ ಕ್ಷಮಿಸುತ್ತೆ.

ಆದ್ರೆ ಈಗ ಕ್ಯಾವಿಟಿ ಅನ್ನೋದು ಲೋಹದ ಬ್ಲಾಕ್, ಸ್ಕ್ರೂ, ಪೀಝೋ (ವೋಲ್ಟೇಜ್ ಕೊಟ್ರೆ ಚೂರು ಹಿಗ್ಗೋ ವಸ್ತು). 3 ಸೆಂಟಿಮೀಟರ್ ಕ್ಯಾವಿಟಿಯ ಉದ್ದ 1 ನ್ಯಾನೋಮೀಟರ್ ಬದಲಾದ್ರೆ 780ರಲ್ಲಿ ಫ್ರೀಕ್ವೆನ್ಸಿ ಸುಮಾರು 13 ಮೆಗಾಹರ್ಟ್ಸ್ ಜಿಗಿಯುತ್ತೆ. ಜೋರಾಗಿ ಮಾತಾಡಿದ್ರೂ ಸ್ಪೆಕ್ಟ್ರಮ್‌ನಲ್ಲಿ ಕಾಣುತ್ತೆ. ಅದೇ 3 ಸೆಂಟಿಮೀಟರ್‌ಗೆ ಮೋಡ್‌ಗಳ ಅಂತರ 5 ಗಿಗಾಹರ್ಟ್ಸ್, ಅಂದ್ರೆ ಪೀಝೋ ಜೊತೆ ಕರೆಂಟ್ ಅನ್ನೂ ತಾಳ ಹಾಕಿಸದಿದ್ರೆ ರುಬಿಡಿಯಂನ ನಾಲ್ಕೂ ಡಾಪ್ಲರ್ ರೇಖೆ (ಪರಮಾಣುಗಳ ಓಡಾಟದಿಂದ ಅಗಲ ಆದದ್ದು) ಒಂದೇ ಸ್ಕ್ಯಾನ್‌ನಲ್ಲಿ ಸಿಗಲ್ಲ, ಮಧ್ಯದಲ್ಲಿ ಹಾಪ್ ಆಗುತ್ತೆ. ಗ್ರೇಟಿಂಗ್ ತಿರುಗಿಸಿದಾಗ ಹೊರಬರೋ ಬೀಮ್ ಕೂಡ ಸ್ವಲ್ಪ ತಿರುಗುತ್ತೆ, ಅದಕ್ಕೆ ಪಕ್ಕದಲ್ಲಿ ಸಮಾನಾಂತರ ಕನ್ನಡಿ ಕಟ್ಟೋ ಉಪಾಯ ಇದೆ. ಲಿಟ್‌ಮನ್–ಮೆಟ್‌ಕಾಫ್ ವಿನ್ಯಾಸದಲ್ಲಿ ಬೀಮ್ ತಿರುಗಲ್ಲ, ಹಾಪ್ ಇಲ್ಲದ ಸ್ಕ್ಯಾನ್ ದೊಡ್ಡದು, ಪವರ್ ಮಾತ್ರ ಕಮ್ಮಿ. ಗ್ರೇಟಿಂಗ್ ಬದಲು ಇಂಟರ್‌ಫೆರೆನ್ಸ್ ಫಿಲ್ಟರ್ ಇಟ್ಟು, ಕನ್ನಡಿ ಮುಂದೆ ಲೆನ್ಸ್ ಕೂರಿಸೋ ಕ್ಯಾಟ್ ಐ ಮಾದರಿಯನ್ನ 2006ರಲ್ಲಿ ಬೈಯಾರ್ ಮತ್ತು ಜೊತೆಗಾರರು ವಿವರಿಸಿದ್ರು, ಅಲೈನ್‌ಮೆಂಟ್ ಕದಲಿದ್ರೂ ತಡ್ಕೊಳ್ಳುತ್ತೆ. ಹೊಸದಾಗಿ ಕಟ್ಟೋರಿಗೆ, ಪಂಪ್ ಪಕ್ಕದಲ್ಲೇ ಇಡೋರಿಗೆ ನನ್ನ ಓಟು ಇದಕ್ಕೇ.

ರೆಡಿ ಸಿಸ್ಟಮ್ ಕಂಟ್ರೋಲರ್ ಸಮೇತ ಹತ್ತು ಲಕ್ಷ ದಾಟೋದು ಸಾಮಾನ್ಯ, ವರ್ಕ್‌ಶಾಪ್ ಸಹಾಯ ಇದ್ರೆ ಸ್ವಂತ ಕಟ್ಟಿದ್ದು ಅದರ ಸಣ್ಣ ಭಾಗದಲ್ಲಿ ಆಗುತ್ತೆ. ಆದ್ರೆ ಕಟ್ಟಿದ ಪಿಎಚ್‌ಡಿ ಹುಡುಗಿ ಥೀಸಿಸ್ ಮುಗಿಸಿ ಹೋದ್ಮೇಲೆ ಅದನ್ನ ಮುಟ್ಟೋರು ಯಾರು ಅನ್ನೋದನ್ನೂ ಬಜೆಟ್‌ಗೆ ಸೇರಿಸಿ.

ಚಿಪ್ ಮೇಲಿನ ಹೊಸಬರು, ಹಾಗೂ ಫೈಬರ್ ಲೇಸರ್

ಇಂಡಿಯಂ ಫಾಸ್ಫೈಡ್ ಗೇನ್ ಚಿಪ್‌ಗೆ ಸಿಲಿಕಾ ಅಥವಾ ಸಿಲಿಕಾನ್ ನೈಟ್ರೈಡ್ ವೇವ್‌ಗೈಡ್ ಅಂಟಿಸಿ ಉದ್ದನೆ ಕ್ಯಾವಿಟಿಯನ್ನ ಚಿಪ್ ಮೇಲೇ ತರೋದು ಈಗ ಜೋರಾಗಿ ನಡೀತಿದೆ. 2020ರಲ್ಲಿ ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ಕಡೆಯವರು ಇಂಥದ್ದರಲ್ಲಿ 40 ಹರ್ಟ್ಸ್ ಇಂಟ್ರಿನ್ಸಿಕ್ ಅಗಲ ತೋರಿಸಿದ್ರು. 2021ರಲ್ಲಿ ಡಿಎಫ್‌ಬಿಯನ್ನ ಹೈ ಕ್ಯೂ (ಬೆಳಕನ್ನ ತುಂಬಾ ಹೊತ್ತು ಹಿಡಿದಿಡೋ) ನೈಟ್ರೈಡ್ ರೆಸೊನೇಟರ್‌ಗೆ ಸೆಲ್ಫ್ ಇಂಜೆಕ್ಷನ್ ಲಾಕ್ ಮಾಡಿ, ಅಂದ್ರೆ ರೆಸೊನೇಟರ್‌ನಿಂದ ವಾಪಸ್ ಬರೋ ಬೆಳಕನ್ನೇ ಲಗಾಮು ಮಾಡ್ಕೊಂಡು, 1.2 ಹರ್ಟ್ಸ್ ತನಕ ಇಳಿಸಿದ್ರು. ಮೇಲೆ ಶತ್ರು ಅಂದ ಅದೇ ಫೀಡ್‌ಬ್ಯಾಕ್ ಇಲ್ಲಿ ಮಿತ್ರ, ಬರೋ ಬೆಳಕಿನ ಫೇಸ್ ಮಾತ್ರ ಸರಿಯಾಗಿ ಕೂರಬೇಕು.

ಆದ್ರೆ ಇವೆಲ್ಲಾ ಇಂಟ್ರಿನ್ಸಿಕ್ ನಂಬರ್, ಮರೀಬೇಡಿ. ರೆಸೊನೇಟರ್ ಸಣ್ಣದಾದಷ್ಟೂ ಅದರೊಳಗಿನ ತಾಪಮಾನದ ಸಹಜ ಏರಿಳಿತ ಜಾಸ್ತಿ, ಅದು ನಿಧಾನದ ಆಫ್‌ಸೆಟ್‌ನಲ್ಲಿ ನಾಯ್ಸ್ ಆಗಿ ಕಾಣುತ್ತೆ, ಮಿಲಿಸೆಕೆಂಡ್ ಅಳತೆಯಲ್ಲಿ ಅಗಲ ಕಿಲೋಹರ್ಟ್ಸ್‌ಗಳಿಗೆ ಏರುತ್ತೆ. ಲೈಡಾರ್‌ಗೆ, ಕೊಹೆರೆಂಟ್ ಲಿಂಕ್‌ಗೆ (ಬೆಳಕಿನ ಫೇಸ್‌ನಲ್ಲೂ ಮಾಹಿತಿ ಕಳಿಸೋ ಫೈಬರ್ ಸಂಪರ್ಕಕ್ಕೆ) ಇದು ಚಿನ್ನ, ಪರಮಾಣು ಗಡಿಯಾರಕ್ಕೆ ಇದೊಂದೇ ಸಾಲದು. ಸದ್ಯಕ್ಕೆ ಸುಲಭವಾಗಿ ಸಿಗೋದೂ 1550ರ ಸುತ್ತಲೇ.

ಎರ್ಬಿಯಂನಂಥ ಲೋಹ ಬೆರೆಸಿದ ಫೈಬರ್ ಲೇಸರ್ ಸೆಮಿಕಂಡಕ್ಟರ್ ಅಲ್ಲ, ಆದ್ರೆ ಕೊಟೇಶನ್‌ನಲ್ಲಿ ಪಕ್ಕದಲ್ಲೇ ಕೂತಿರುತ್ತೆ. ಕಿಲೋಹರ್ಟ್ಸ್ ಅಥವಾ ಅದಕ್ಕಿಂತ ಕಿರಿದು, ನಿಧಾನದ ನಾಯ್ಸ್‌ನಲ್ಲೂ ಸಭ್ಯಸ್ಥ. ಕೊರತೆ ಅಂದ್ರೆ ಸ್ಕ್ಯಾನ್ ಕಮ್ಮಿ ಮತ್ತು ನಿಧಾನ, ಸಿಗೋದು 1, 1.5, 2 ಮೈಕ್ರಾನ್ ಪಟ್ಟಿಗಳಲ್ಲಿ ಮಾತ್ರ. ರುಬಿಡಿಯಂ ಮಾಡೋರು 1560ರದ್ದು ತಗೊಂಡು ಪಿಪಿಎಲ್‌ಎನ್ ಹರಳಿನಲ್ಲಿ ಫ್ರೀಕ್ವೆನ್ಸಿ ಡಬಲ್ ಮಾಡಿ 780 ತಗೋಬಹುದು. ಡಬಲ್ ಮಾಡಿದಾಗ ಫ್ರೀಕ್ವೆನ್ಸಿ ಅಲುಗಾಟವೂ ಡಬಲ್, ವೈಟ್ ನಾಯ್ಸ್‌ನ ಲೊರೆಂಟ್ಜಿಯನ್ ಅಗಲ ಅಂತೂ ನಾಲ್ಕು ಪಟ್ಟು, ಆದ್ದರಿಂದ 1 ಮೆಗಾಹರ್ಟ್ಸ್ ಟೆಲಿಕಾಂ ಡಿಎಫ್‌ಬಿ ಡಬಲ್ ಮಾಡಿ ಬಚಾವಾಗ್ತೀನಿ ಅಂದ್ರೆ ಕೈಗೆ ಸಿಗೋದು 4 ಮೆಗಾಹರ್ಟ್ಸ್, ರುಬಿಡಿಯಂ ರೇಖೆಗೇ ಹತ್ತಿರ ಬಂತು.

ಯಾರಿಗೆ ಯಾವ್ದು

ಎಂಎಸ್ಸಿ ಲ್ಯಾಬ್‌ನಲ್ಲಿ ರುಬಿಡಿಯಂ ಸ್ಯಾಚುರೇಟೆಡ್ ಅಬ್ಸಾರ್ಪ್ಷನ್ (ಡಾಪ್ಲರ್ ಅಗಲದೊಳಗೆ ಅಡಗಿದ ಸಣ್ಣ ರೇಖೆ ನೋಡೋ ಪ್ರಯೋಗ) ತೋರಿಸಬೇಕು ಅಂದ್ರೆ ಕಣ್ಣು ಮುಚ್ಚಿ ಡಿಎಫ್‌ಬಿ. ಡಾಪ್ಲರ್ ಅಗಲ ಸುಮಾರು 500 ಮೆಗಾಹರ್ಟ್ಸ್, ಒಳಗಿನ ರೇಖೆಯ ಸ್ವಂತ ಅಗಲ 6 ಮೆಗಾಹರ್ಟ್ಸ್, 1 ಮೆಗಾಹರ್ಟ್ಸ್ ಲೇಸರ್‌ಗೆ ಎಲ್ಲಾ ಚೆನ್ನಾಗಿ ಕಾಣುತ್ತೆ, ಹುಡುಗರು ನಾಬ್ ತಿರುಗಿಸಿದ್ರೂ ಮೋಡ್ ಹಾಪ್ ಆಗಲ್ಲ. ಅದೇ ದುಡ್ಡಿಗೆ ಇಸಿಡಿಎಲ್ ಕಟ್ಟಿದ್ರೆ ಅವರು ಪೀಝೋ ಬಗ್ಗೆ ಕಲೀತಾರೆ, ಪರಮಾಣು ಬಗ್ಗೆ ಅಲ್ಲ. ಅದೂ ಒಂದು ಪಾಠವೇ, ಬೇಕಾದ್ರೆ.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಂಥ ಕಡೆ ನಡೆಯೋ ಥರ ಪರಮಾಣು ತಣ್ಣಗೆ ಮಾಡೋ ಕೆಲಸ ಶುರು ಮಾಡೋರಿಗೆ ಉತ್ತರ ಸ್ವಲ್ಪ ಜಟಿಲ. ಮ್ಯಾಗ್ನೆಟೋ ಆಪ್ಟಿಕಲ್ ಟ್ರ್ಯಾಪ್‌ಗೆ (ಲೇಸರ್, ಕಾಂತಕ್ಷೇತ್ರ ಸೇರಿಸಿ ಪರಮಾಣು ಹಿಡಿಯೋ ಬೋನಿಗೆ) ಬೆಳಕನ್ನ ರೇಖೆಯಿಂದ ಹತ್ತು ಹದಿನೈದು ಮೆಗಾಹರ್ಟ್ಸ್ ಪಕ್ಕಕ್ಕೆ ಇಡ್ತೀವಿ, ಡಿಎಫ್‌ಬಿ ಅಥವಾ ಡಿಬಿಆರ್ ಸಾಕು, ರೀಪಂಪ್ (ದಾರಿ ತಪ್ಪಿದ ಪರಮಾಣುವನ್ನ ವಾಪಸ್ ತರೋ) ಲೇಸರ್‌ಗಂತೂ ಧಾರಾಳ. ಆದ್ರೆ ಮುಂದೆ ಇಮೇಜಿಂಗ್, ರಾಮನ್ ಟ್ರಾನ್ಸಿಷನ್, ಎರಡು ಲೇಸರ್‌ಗಳ ಫೇಸ್ ಲಾಕ್ ಅಂತ ಹೋಗೋ ಪ್ಲಾನ್ ಇದ್ರೆ ಕನಿಷ್ಠ ಒಂದು ಮಾಸ್ಟರ್ (ಉಳಿದವಕ್ಕೆ ಅಳತೆಗೋಲಾಗೋ) ಲೇಸರ್ ಆದ್ರೂ ಇಸಿಡಿಎಲ್ ಇರಲಿ. ಕಾರಣ ಇಷ್ಟೇ: ಲಾಕ್ ಹಾಕಿ ಅಗಲ ಇಳಿಸಬೇಕಂದ್ರೆ ಲಾಕ್‌ನ ವೇಗ ಲೇಸರ್‌ನ ಸ್ವಂತ ಅಗಲಕ್ಕಿಂತ ಸಾಕಷ್ಟು ಜಾಸ್ತಿ ಇರಬೇಕು. 1 ಮೆಗಾಹರ್ಟ್ಸ್ ಡಿಎಫ್‌ಬಿಗೆ ಹಲವು ಮೆಗಾಹರ್ಟ್ಸ್ ಲೂಪ್ ಬೇಕು, ಅದೇ ಜಾಗದಲ್ಲಿ ಡಿಎಫ್‌ಬಿಯ ಕರೆಂಟ್ ಪ್ರತಿಕ್ರಿಯೆ ಶಾಖದಿಂದ ಎಲೆಕ್ಟ್ರಾನ್ ಸಂಖ್ಯೆಗೆ ಬದಲಾಗುವಾಗ ಫೇಸ್ ತಿರುಗಿಬೀಳುತ್ತೆ. ಮೊದಲು ಹೇಳಿದ ತಿಂಗಳುಗಟ್ಟಲೆ ಗುದ್ದಾಟ ಇಲ್ಲಿಂದಲೇ ಬರೋದು.

ಸ್ಟ್ರಾನ್ಷಿಯಂ ಮಾಡೋರಿಗೆ ಆಯ್ಕೆಯೇ ಇಲ್ಲ ಅನ್ನಬಹುದು. 689ರ ರೇಖೆ 7.5 ಕಿಲೋಹರ್ಟ್ಸ್, ಅಲ್ಲಿ ಇಸಿಡಿಎಲ್ ಜೊತೆಗೆ ರೆಫರೆನ್ಸ್ ಕ್ಯಾವಿಟಿ, 1983ರಲ್ಲಿ ಡ್ರೆವರ್, ಹಾಲ್ ಮುಂತಾದವರು ಕೊಟ್ಟ ಪಿಡಿಎಚ್ ಲಾಕ್ (ಲೇಸರ್ ಅನ್ನ ಕ್ಯಾವಿಟಿಗೆ ಕಟ್ಟೋ ವಿಧಾನ), ಎಲ್ಲಾ ಬೇಕು. ಯುಎಲ್‌ಇ (ಬಿಸಿಗೆ ಹೆಚ್ಚುಕಮ್ಮಿ ಹಿಗ್ಗದ) ಗಾಜಿನ ಕ್ಯಾವಿಟಿ, ವ್ಯಾಕ್ಯೂಮ್, ಕಂಪನ ತಡೆ ಸೇರಿ ಖರ್ಚು ಲೇಸರ್‌ನ ಮೀರಿಸುತ್ತೆ, ಗ್ರಾಂಟ್ ಬರೆಯುವಾಗಲೇ ಹಾಕಿ.

ಕೊಹೆರೆಂಟ್ ಕಮ್ಯುನಿಕೇಶನ್‌ನವರು ಅನವಶ್ಯಕ ಭಯ ಪಡೋದು ಜಾಸ್ತಿ. ಬ್ಲೈಂಡ್ ಫೇಸ್ ಸರ್ಚ್ ಥರದ (ರಿಸೀವರ್‌ನಲ್ಲಿ ಫೇಸ್ ಹುಡುಕೋ) ವಿಧಾನದಲ್ಲಿ 16 ಕ್ವಾಮ್‌ಗೆ (ಒಂದು ಸಿಂಬಲ್‌ಗೆ 16 ಆಯ್ಕೆ ಇರೋ ಸಂಕೇತಕ್ಕೆ) ಲೈನ್‌ವಿಡ್ತ್ ಮತ್ತು ಸಿಂಬಲ್ ಅವಧಿಯ ಗುಣಲಬ್ಧ ಸುಮಾರು 1.4×10⁻⁴ ಇದ್ರೂ 1 ಡಿಬಿ ನಷ್ಟದಲ್ಲಿ ಮುಗಿಯುತ್ತೆ. 32 ಗಿಗಾಬಾಡ್ ಸಿಂಬಲ್ ರೇಟ್‌ಗೆ ಅದು ಎರಡೂ ಲೇಸರ್ ಸೇರಿ 4 ಮೆಗಾಹರ್ಟ್ಸ್ ಮೇಲೆ! ಹಾಗಿದ್ರೆ ಐಟಿಎಲ್‌ಎ (ಟೆಲಿಕಾಂನ ಟ್ಯೂನಬಲ್ ಲೇಸರ್) ಮಾಡ್ಯೂಲ್‌ನಲ್ಲಿ 100 ಕಿಲೋಹರ್ಟ್ಸ್ ಯಾಕೆ ಕೇಳ್ತಾರೆ ಅಂದ್ರೆ 64 ಕ್ವಾಮ್‌ಗೆ ಹೋದಾಗ ಮಿತಿ ಬಿಗಿಯಾಗುತ್ತೆ, ಜೊತೆಗೆ ಸಾವಿರಾರು ಕಿಲೋಮೀಟರ್ ಲಿಂಕ್‌ನ ಡಿಸ್ಪರ್ಷನ್ ಅನ್ನ ಡಿಜಿಟಲ್ ಆಗಿ ಸರಿಮಾಡುವಾಗ ರಿಸೀವರ್‌ನ ಲೋಕಲ್ ಆಸಿಲೇಟರ್ (ಬಂದ ಬೆಳಕಿಗೆ ಹೋಲಿಸೋ ಲೇಸರ್) ಫೇಸ್ ನಾಯ್ಸ್ ತೀವ್ರತೆಯ ನಾಯ್ಸ್ ಆಗಿ ಬದಲಾಗುತ್ತೆ, ಬಾಡ್ ರೇಟ್ ಏರಿದಷ್ಟೂ ಅದು ಜೋರು. ಇಲ್ಲಿ ನಿಧಾನದ ನಾಯ್ಸ್ ಅನ್ನ ಡಿಎಸ್‌ಪಿ (ರಿಸೀವರ್‌ನ ಡಿಜಿಟಲ್ ಲೆಕ್ಕ) ತಿಂದುಬಿಡುತ್ತೆ, ಆದ್ದರಿಂದ ಇಂಟ್ರಿನ್ಸಿಕ್ ನಂಬರ್ ನೋಡೋದೇ ಸರಿ.

ಎಫ್‌ಎಂಸಿಡಬ್ಲ್ಯೂ (ಫ್ರೀಕ್ವೆನ್ಸಿಯನ್ನ ಒಂದೇ ಸಮ ಸರಿಸ್ತಾ ದೂರ ಅಳೆಯೋ) ಲೈಡಾರ್‌ಗೆ ದೂರ ನೋಡಿ. ಗಾಳಿಯಲ್ಲಿ 1 ಮೆಗಾಹರ್ಟ್ಸ್‌ಗೆ ಕೊಹೆರೆನ್ಸ್ ಉದ್ದ (ಬೆಳಕು ತನ್ನ ಲಯ ಉಳಿಸಿಕೊಳ್ಳೋ ದೂರ) ಸುಮಾರು 95 ಮೀಟರ್, 100 ಕಿಲೋಹರ್ಟ್ಸ್‌ಗೆ ಸುಮಾರು 950. 30 ಮೀಟರ್ ದೂರದ ಗೋಡೆ ಅಂದ್ರೆ ಹೋಗಿ ಬರೋದು 60, ಡಿಎಫ್‌ಬಿ ನಡೆಯುತ್ತೆ. 200 ಮೀಟರ್ ಆಚೆಯ ಕಾರು ಬೇಕಂದ್ರೆ 400 ಮೀಟರ್, ಅಲ್ಲಿ ಡಿಎಫ್‌ಬಿ ಕೈ ಎತ್ತುತ್ತೆ, ಹೈಬ್ರಿಡ್ ಚಿಪ್ ಲೇಸರ್ ನೋಡಿ. ಎರಡಕ್ಕೂ ಚರ್ಪ್ (ಆ ಫ್ರೀಕ್ವೆನ್ಸಿ ಸರಿಯೋದು) ನೇರವಾಗಿರೋದು ಲೈನ್‌ವಿಡ್ತ್‌ನಷ್ಟೇ ಮುಖ್ಯ.

ಫೈಬರ್ ಉದ್ದಕ್ಕೂ ಕಂಪನ ಕೇಳೋ ಡಿಎಎಸ್‌ನವರಿಗೆ ಪೂರಾ ಉಲ್ಟಾ. ಹೆಜ್ಜೆ ಸದ್ದು, ಪೈಪ್‌ಲೈನ್ ಅಗೆಯೋದು, ಎಲ್ಲಾ ಕೆಲವು ಹರ್ಟ್ಸ್‌ನಿಂದ ಕೆಲವು ನೂರು ಹರ್ಟ್ಸ್‌ನಲ್ಲಿ ಬರುತ್ತೆ, ಲೇಸರ್‌ನ ನಿಧಾನದ ನಾಯ್ಸ್ ಅದೇ ಜಾಗದಲ್ಲಿ ಕೂತಿರುತ್ತೆ. ಅಲ್ಲಿ ಇಂಟ್ರಿನ್ಸಿಕ್ 100 ಹರ್ಟ್ಸ್ ಅನ್ನೋ ಬೋರ್ಡು ನೋಡಿ ಕೊಂಡ್ರೆ ಕೆಟ್ರಿ. ಫೈಬರ್ ಲೇಸರ್ ಅಥವಾ ಪ್ಲೇನಾರ್ ವೇವ್‌ಗೈಡ್ ಎಕ್ಸ್‌ಟರ್ನಲ್ ಕ್ಯಾವಿಟಿ ಲೇಸರ್, ಎರಡರದ್ದೂ 10 ಹರ್ಟ್ಸ್‌ನಿಂದ 1 ಕಿಲೋಹರ್ಟ್ಸ್ ಪ್ಲಾಟ್ ಪಕ್ಕಪಕ್ಕ ಇಟ್ಟು ನೋಡಿ ಆರಿಸಿ.

ಬಂದ ಮೇಲೆ ನೀವೇ ಅಳೀರಿ

ಬಾಕ್ಸ್ ಬಿಚ್ಚಿ ಸಹಿ ಹಾಕೋ ಮೊದಲು ಒಂದು ಸಲ ಅಳೆಯೋದು ಒಳ್ಳೇದು. 1980ರಲ್ಲಿ ಒಕೋಶಿ, ಕಿಕುಚಿ, ನಕಯಾಮ ಕೊಟ್ಟ ಡಿಲೇಡ್ ಸೆಲ್ಫ್ ಹೆಟರೊಡೈನ್ ವಿಧಾನಕ್ಕೆ ಬೇಕಾದ್ದು ಒಂದು ಫೈಬರ್ ಸುರುಳಿ, ಒಂದು ಎಒಎಂ (ಶಬ್ದದಲೆಯಿಂದ ಬೆಳಕಿನ ಫ್ರೀಕ್ವೆನ್ಸಿ ಸರಿಸೋ ಸಾಧನ, 80 ಮೆಗಾಹರ್ಟ್ಸ್ ಸಾಮಾನ್ಯ), ಫೋಟೋಡಿಟೆಕ್ಟರ್, ಸ್ಪೆಕ್ಟ್ರಮ್ ಅನಲೈಸರ್. ಲೇಸರ್ ಬೆಳಕನ್ನ ಎರಡು ಭಾಗ ಮಾಡಿ ಒಂದನ್ನ ಉದ್ದ ಫೈಬರ್‌ನಲ್ಲಿ ತಡ ಮಾಡಿ ಮತ್ತೆ ಸೇರಿಸಿದ್ರೆ ಬೀಟ್ (ಎರಡರ ಫ್ರೀಕ್ವೆನ್ಸಿ ವ್ಯತ್ಯಾಸದ ಸಿಗ್ನಲ್) ಸಿಗುತ್ತೆ, ಲೊರೆಂಟ್ಜಿಯನ್ ಆದ್ರೆ ಅದರ ಅಗಲದ ಅರ್ಧವೇ ಲೇಸರ್ ಅಗಲ. ಫೈಬರ್ ಕೊಹೆರೆನ್ಸ್ ಉದ್ದಕ್ಕಿಂತ ಸಾಕಷ್ಟು ಜಾಸ್ತಿ ಇರಬೇಕು: 1 ಮೆಗಾಹರ್ಟ್ಸ್‌ಗೆ ಫೈಬರ್‌ನಲ್ಲಿ ಅದು 65 ಮೀಟರ್, 100 ಕಿಲೋಹರ್ಟ್ಸ್‌ಗೆ 650, 10 ಕಿಲೋಹರ್ಟ್ಸ್‌ಗೆ ಆರೂವರೆ ಕಿಲೋಮೀಟರ್. ಸುರುಳಿ ಗಿಡ್ಡ ಆದ್ರೆ ಬೀಟ್ ಮಧ್ಯೆ ಚೂಪು ಮೊನೆ, ಪಕ್ಕಕ್ಕೆ ಅಲೆ ಅಲೆಯಾಗಿ ಕಾಣುತ್ತೆ, ಅದನ್ನ ನೋಡಿ ಲೇಸರ್ ಭಾರೀ ಕಿರಿದು ಅಂತ ಖುಷಿಪಡಬೇಡಿ. ಸುರುಳಿ ತುಂಬಾ ಉದ್ದ ಆದ್ರೆ ಫ್ಲಿಕರ್ ಸೇರಿಕೊಂಡು ತುದಿ ದುಂಡಗಾಗುತ್ತೆ, ಆಗ ತುದಿಯಿಂದ 3 ಡಿಬಿ ಕೆಳಗಿನ ಅಗಲ ಬಿಟ್ಟು 20 ಡಿಬಿ ಕೆಳಗೆ ರೆಕ್ಕೆ ಹತ್ತಿರ ಅಳೆದ್ರೆ ವೈಟ್ ನಾಯ್ಸ್ ಭಾಗಕ್ಕೆ ಹತ್ತಿರದ ಅಂದಾಜು ಸಿಗುತ್ತೆ. 1 ಕಿಲೋಹರ್ಟ್ಸ್ ಲೇಸರ್‌ಗೆ ಇದು ಬೇಡ, 65 ಕಿಲೋಮೀಟರ್ ಫೈಬರ್ ತನ್ನದೇ ಗದ್ದಲ ತರುತ್ತೆ, ಅದೇ ಥರದ ಇನ್ನೊಂದು ಲೇಸರ್ ಜೊತೆ ಬೀಟ್ ಮಾಡೋದೇ ದಾರಿ.

ಅಳೆದಾಗ ನಂಬರ್ ಜಾಸ್ತಿ ಬಂದ್ರೆ ತಕ್ಷಣ ಕಂಪನಿಗೆ ಮೇಲ್ ಹಾಕಬೇಡಿ. ಮೊದಲು ಡ್ರೈವರ್ ಬದಲಿಸಿ ನೋಡಿ, ಬ್ಯಾಟರಿಯಿಂದ ಓಡೋ ಡ್ರೈವರ್ ಯಾರ ಹತ್ರನಾದ್ರೂ ಇದ್ರೆ ಒಂದು ದಿನಕ್ಕೆ ಎರವಲು ತನ್ನಿ, 50 ಹರ್ಟ್ಸ್ ಮತ್ತು ಅದರ ಗುಣಕಗಳು ಮಾಯ ಆದ್ರೆ ಕಳ್ಳ ಅಲ್ಲೇ ಸಿಕ್ಕ. ಆಮೇಲೆ ಫೈಬರ್ ಕನೆಕ್ಟರ್‌ಗಳನ್ನ ಒಂದೊಂದಾಗಿ ಬಿಚ್ಚಿ ಒರೆಸಿ ಹಾಕಿ, ಟಿಇಸಿ (ಚಿಪ್ಪಿನ ತಾಪಮಾನ ಹಿಡಿಯೋ ಕೂಲರ್) ಲೂಪ್‌ನ ಗೇನ್ ಕಮ್ಮಿ ಮಾಡಿ ನೋಡಿ. ಇಷ್ಟಾದ್ಮೇಲೂ ಹಾಗೇ ಇದ್ರೆ ಪ್ಲಾಟ್ ಸಮೇತ ಮೇಲ್ ಹಾಕಿ, ಪ್ಲಾಟ್ ಇಲ್ಲದ ದೂರಿಗೆ ಬರೋ ಉತ್ತರ ಯಾವಾಗಲೂ "ಡ್ರೈವರ್ ಚೆಕ್ ಮಾಡಿ" ಅಂತಲೇ ಇರುತ್ತೆ.